ಮಂಜಿನಲ್ಲಿ ಬೋರ್ಡಿಲ್ಲದ ಚೆಸ್

“ಅಕ್ಕಾ, ನನ್ನ ಕುದುರೆ ಎಫ್ ಮೂರಕ್ಕೆ ಬಂತು.”

ದಟ್ಟ ಮಂಜಿನೊಳಗಿಂದ ಬಂದ ಆ ದನಿಗೆ ನಾನು ಅಲ್ಲೇ ನಿಂತುಬಿಟ್ಟೆ. ಕೊಡಗಿನ ಚೆಟ್ಟಳ್ಳಿಯ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆದು ಕೆಲಸ ನೋಡಿಕೊಳ್ಳುವ ರೈಟರ್ ನಾನು. ಹಣ್ಣು ಕೊಯ್ಯುವ ಪಿಕ್ಕಿಂಗ್ ಹೊತ್ತಿನಲ್ಲಿ ಹರಟೆ ಕೇಳಿದರೆ ಗದರುವುದು ನನ್ನ ಕೆಲಸ. ಆದರೆ ಅಂದು ನಾನೇ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ವಿದೇಶದ ದೊಡ್ಡ ಚೆಸ್ ಟೂರ್ನಿಯ ಕಾಮೆಂಟರಿ ಕೇಳುತ್ತಿದ್ದೆ. ಗದರಲು ಬಾಯಿ ಬರಲಿಲ್ಲ.

ಗಿಡಗಳ ಒಂದು ಸಾಲಿನಲ್ಲಿ ಸೆಲ್ವಿ, ಪಕ್ಕದ ಸಾಲಿನಲ್ಲಿ ಅವಳ ಅಕ್ಕ ಕನಕ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ತಮ್ಮ ಮಕ್ಕಳಿಂದ ಕಲಿತ ಆಟವನ್ನು ಹಣ್ಣು ಕೊಯ್ಯುತ್ತಲೇ ಬಾಯಿಮಾತಿನಲ್ಲಿ ಆಡುತ್ತಿದ್ದರು.

“ನಾನು ಕೇಳ್ತಿರೋ ಈ ಟೂರ್ನಿಯಲ್ಲಿ ದೊಡ್ಡ ದೊಡ್ಡ ಆಟಗಾರರೂ ಹೀಗೇ ಆಡ್ತಾರೆ ಸೆಲ್ವಿ. ಒಂದು ಆಟ ಬೋರ್ಡು ನೋಡದೆ, ಇನ್ನೊಂದು ಬೋರ್ಡು ನೋಡ್ಕೊಂಡು ಬೇಗಬೇಗ,” ಎಂದೆ.

ಅವಳಿಗೆ ಅಚ್ಚರಿ. “ನೋಡದೆ ಯಾಕೆ ಸಾರ್? ಅವರಿಗೂ ಎರಡು ಕೈಯಲ್ಲೂ ಕೆಲಸ ಇರ್ತದಾ?”

ನಾನು ಗಡಿಯಾರ ನೋಡಿದೆ. ಚಹಾ ಬಿಡುವಿನ ಶೀಟಿ ಊದುವ ಹೊತ್ತಾಗಿತ್ತು. ಆದರೆ ಕನಕ ಇನ್ನೂ ಯೋಚಿಸುತ್ತಿದ್ದಳು. ಅವಳ ನಡೆ ಕೇಳುವವರೆಗೂ ಶೀಟಿಯನ್ನು ತುಟಿಗಿಟ್ಟುಕೊಂಡು ಆ ಮಂಜಿನಲ್ಲಿ ಊದದೆ ನಿಂತಿದ್ದೆ.

ಈಗ ಕಾಮೆಂಟರಿ ಕೇಳುತ್ತಾ ಕಣ್ಣು ಮುಚ್ಚಿದರೆ ನನಗೆ ಆ ಆಟಗಾರರ ಬೋರ್ಡು ಕಾಣುವುದಿಲ್ಲ. ಮಂಜಿನಲ್ಲಿ ಕೆಂಪು ಹಣ್ಣು ಬಿಡಿಸುವ ನಾಲ್ಕು ಕೈಗಳು ಕಾಣುತ್ತವೆ.