ಅವ್ವನ ಹಾಡಿನ ಮೇಲೆ ಅಂಗಡಿಯ ಹೆಸರು

ಪಾಮನಕಲ್ಲೂರಿನ ಮುದುಕಮ್ಮ ಸೋಬಾನೆ ಹಾಡದೆ ಆ ಊರಿನಲ್ಲಿ ಮದುವೆ ಮುಗಿಯುತ್ತಿರಲಿಲ್ಲ. ಮಗಳು ಅಂಬಿಕಾ ಲಿಂಗಸುಗೂರಿನಲ್ಲಿ ನರ್ಸು. ರಜೆಗೆ ಬಂದಾಗಲೆಲ್ಲ ಅವ್ವನ ಹಾಡುಗಳನ್ನು ಸಣ್ಣ ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದಳು. ಅವ್ವ ತೀರಿಕೊಂಡ ಮೇಲೆ, ವರ್ಷದ ಕಾರ್ಯಕ್ಕೆ ಬರುವ ಬಂಧುಗಳಿಗೆ ಒಂದೊಂದು ಡಿವಿಡಿ ಕೊಡುವ ಆಸೆಯಾಯಿತು. ಅದಕ್ಕೆ ಯಾವ ಸಾಫ್ಟ್‌ವೇರ್ ಬೇಕೆಂದು ಕೇಳಲು ಸಿಂಧನೂರಿನ ಗುರುಬಸವನ ವಿಡಿಯೊ ಅಂಗಡಿಗೆ ಹೋದಳು. ಇಬ್ಬರೂ ಮಸ್ಕಿಯಲ್ಲಿ ಕೂಡಿ ಓದಿದವರು. ಅವನು ಮುದುಕಮ್ಮನ ಕೈಯ ರೊಟ್ಟಿ ಉಂಡವನು.

"ಪುಕ್ಕಟೆ ಸಿಗೋದರಾಗ ಕಟ್ ಮಾಡಾಕ ಬರ್ತೈತಿ, ಡಿವಿಡಿ ಮಾಡಾಕ ಬರಂಗಿಲ್ಲ. ಇನ್ನೊಂದರಾಗ ಎರಡೂ ಆಗ್ತಾವು, ಖರೆ ನಿನ್ನ ಲ್ಯಾಪ್‌ಟಾಪ್ ತಡಿಯಂಗಿಲ್ಲ. ಕ್ಯಾಮೆರಾದ ಕಾರ್ಡ್ ಇಲ್ಲೇ ಬಿಟ್ಟು ಹೋಗು, ನೋಡಿ ಹೇಳ್ತೀನಿ. ನಿಮ್ಮವ್ವ ಅಂದ್ರ ನಮ್ಮವ್ವ ಅಲ್ಲೇನು?" ಎಂದ ಗುರುಬಸವ.

ಅಂಬಿಕಾ ಕಾರ್ಡ್ ಕೊಟ್ಟು ಬಂದಳು, ನಕಲು ಕೂಡ ಇಟ್ಟುಕೊಳ್ಳಲಿಲ್ಲ. ಕೆಲವು ವಾರಗಳಾದ ಮೇಲೆ ಅವನೇ ಫೋನ್ ಮಾಡಿ, ಕಾರ್ಡ್ ಕೆಟ್ಟಿದೆ, ಯಾವ ಸಾಫ್ಟ್‌ವೇರಿನಲ್ಲೂ ತೆರೆಯುತ್ತಿಲ್ಲ ಎಂದ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಸಮಾಧಾನ ಹೇಳಿದ.

ಮುಂದಿನ ಬೇಸಿಗೆಯಲ್ಲಿ ಬಳಗಾನೂರಿನ ಮದುವೆಮನೆಯೊಂದರಲ್ಲಿ ಅರಿಷಿಣ ಹಚ್ಚುವ ಹೊತ್ತಿಗೆ ಟಿವಿಯಿಂದ ಅವ್ವನ ದನಿ ಬಂತು. ಅಂಬಿಕಾ ಜನರನ್ನು ಸರಿಸಿಕೊಂಡು ಮುಂದೆ ಹೋದಳು. ಅವ್ವನೇ! ಕೈತಟ್ಟಿ ಹಾಡುತ್ತಿದ್ದಾಳೆ. ಕೆಳಗೆ, ಅವಳ ಕೈಗಳ ಮೇಲೆಯೇ, ಗುರುಬಸವನ ಅಂಗಡಿಯ ಹೆಸರು.

"ಸಿಂಧನೂರಾಗ ಈ ಡಿವಿಡಿ ಭಾಳ ಓಡಾಕತ್ತೈತಿ ನೋಡವ್ವ," ಎಂದಳು ಪಕ್ಕದ ಹೆಂಗಸು.

ಮರುದಿನವೇ ಅಂಬಿಕಾ ಅವನ ಅಂಗಡಿಯಲ್ಲಿ ನಿಂತಿದ್ದಳು.

"ಕಾರ್ಡ್ ಕೆಟ್ಟೈತಿ ಅಂದಿದ್ದಿ."

"ನಿನ್ನ ಕಡಿ ಇದ್ದಿದ್ರ ಮೂಲ್ಯಾಗ ಬಿದ್ದಿರ್ತಿತ್ತು. ನಾ ಮಂದಿಗೆಲ್ಲ ಕೇಳಿಸೀನಿ," ಎಂದ, ಕಂಪ್ಯೂಟರಿನಿಂದ ಕಣ್ಣು ಕೀಳದೆ.

"ಕಾರ್ಡ್ ಕೊಡು."

"ಅದನ್ನ ಅಳಿಸಿ ಬ್ಯಾರೆ ಮದುವಿ ಶೂಟಿಂಗಿಗೆ ಬಳಸೀನಿ."

ಅಂಬಿಕಾ ಅವನ ಕಂಪ್ಯೂಟರಿಗೆ ಅಡ್ಡ ಬಂದು ನಿಂತಳು. "ನಾ ಅಳಾಕತ್ತಾಗ ಸಮಾಧಾನ ಹೇಳಿದಿಯಲ್ಲೋ. ಅದಕ್ಕರ ನಿನಗ ಬಾಯಿ ಹೆಂಗ ಬಂತು?"



ಅವ್ವನ ಹಾಡು ಉಳಿದಿದ್ದು ಆ ಡಿವಿಡಿಯಲ್ಲಿ ಮಾತ್ರ. ಅದನ್ನೇ ಕೊಂಡು ತಂದು, ಅವನು ಹೇಳಿದ್ದ ಎರಡೂ ಸಾಫ್ಟ್‌ವೇರ್‌ಗಳನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿಸಿಕೊಂಡು ತಾನೇ ಕಲಿತಳು. ಒಂದರಲ್ಲಿ ಹೆಸರನ್ನು ಕತ್ತರಿಸಿದರೆ ಅವ್ವನ ಕೈಗಳೂ ಹೋಗುತ್ತಿದ್ದವು. ಇನ್ನೊಂದರಲ್ಲಿ ಅಳಿಸಿದರೆ ಕೈಗಳು ಮಂಜು ಮಂಜಾಗುತ್ತಿದ್ದವು. ಹಾಡು ಮುಗಿದೊಡನೆ "ಅಂಬೀ, ಸಾಕು ಬಿಡು, ಉಣ್ಣು ಬಾ" ಎಂದು ಅವ್ವ ಕರೆಯುತ್ತಿದ್ದ ತುಣುಕುಗಳನ್ನಂತೂ ಅವನು ಮೊದಲೇ ಕತ್ತರಿಸಿ ಎಸೆದಿದ್ದ.

ಕೊನೆಗೆ ಹೆಸರನ್ನು ಹಾಗೆಯೇ ಬಿಟ್ಟು ಡಿವಿಡಿ ಮಾಡಿ ವರ್ಷದ ಕಾರ್ಯಕ್ಕೆ ಬಂದ ಬಂಧುಗಳಿಗೆ ಕೊಟ್ಟಳು. "ಗುರುಬಸವ ಎಷ್ಟು ಛಲೋ ಮಾಡ್ಯಾನವ್ವ," ಎಂದು ಚಿಕ್ಕಮ್ಮ ಹೊಗಳಿದಾಗ, ಅಂಬಿಕಾ ಎದ್ದು ಒಳಗೆ ಹೋದಳು.