ತಗಡಿನ ದೋಣಿಗಿ ಫರಸಿ ಆಸಿಡ್

ಈಗ ನೆನಸಿದ್ರೂ ಮೈ ಉರೀತದ. ದಂಡೋತಿ ಹತ್ರ ಕಾಗಿಣಾ ಹೊಳ್ಯಾಗ ನಮ್ಮದೊಂದು ತಗಡಿನ ದೋಣಿ ಅದ. ಆಚಿ ದಂಡಿ ಹೊಲಕ್ಕ ಕಳೆ ತಗ್ಯಾಕ ಹೋಗೋ ಹೆಣ್ಮಕ್ಕಳನ್ನ ನಾನೂ ನನ್ನ ಗಂಡನೂ ದಾಟಸ್ತೀವಿ. ಸೇತುವಿ ಸುತ್ತಿ ಹೋದ್ರ ಅವರ ಅರ್ಧ ಹೊತ್ತು ದಾರ್ಯಾಗೇ ಹೋಗ್ತದ.

ಬ್ಯಾಸಗಿ ಪೂರಾ ದೋಣಿ ಬೇವಿನ ಗಿಡದ ಕೆಳಗ ಬೋರಲ ಬಿದ್ದಿರ್ತದ. ಅದರ ಮ್ಯಾಗ ಫ್ಯಾಕ್ಟರಿ ಸಿಮೆಂಟಿನ ಧೂಳು ಕುಂತು, ಮೊದಲ ಮಳಿಗಿ ಅಲ್ಲೇ ಗಟ್ಟಿ ಹಿಡೀತದ. ಹಳೇ ಪಾಚಿ ಕಲೆ ಬ್ಯಾರೆ. ತೊಳ್ಯೂದು ನನ್ನ ಕೆಲಸ. ಗೋಣಿಚೀಲ ತೊಯ್ಸಿ ಎರಡು ದಿನ ಹೊದಸಬೇಕು, ಮೆತ್ತಗಾದಮ್ಯಾಗ ಕಟಗಿ ಚಕ್ಕಿಲೆ ಕೆರೀಬೇಕು, ಸೋಪಿನ ಪುಡಿ ಹಾಕಿ ತೆಂಗಿನ ನಾರಿಲೆ ತಿಕ್ಕಬೇಕು. ಕಬ್ಬಿಣದ ಬ್ರಶ್ ಮುಟ್ಟಂಗಿಲ್ಲ. ಇಷ್ಟೆಲ್ಲಾ ಮಾಡೂದು ಚಂದ ಕಾಣಲಿ ಅಂತಲ್ಲ. ಕಲೆ ಹೋದ್ರನೇ ಜೋಡಣಿ ಎಲ್ಲಿ ಬಿಟ್ಟದ, ತಗಡು ಎಲ್ಲಿ ಸವದದ ಅಂತ ಕಣ್ಣಿಗಿ ಬೀಳ್ತದ. ಅಲ್ಲಿಗಿ ಡಾಂಬರ್ ಹಚ್ಚತೀವಿ.

ಈ ಸಲ ಚೀಲ ಹೊದಸಿ ಒಂದು ದಿನ ಆಗಿತ್ತು, ನನ್ನ ಮೈದುನ ಬಂದ. ಭಂಕೂರದಾಗ ನೆಲಕ್ಕ ಹಾಸೋ ಫರಸಿ ಕಲ್ಲಿಗಿ ಪಾಲಿಶ್ ಮಾಡ್ತಾನ. ಅವನ ಕಣ್ಣಿಗಿ ಜಗತ್ತೆಲ್ಲಾ ಫರಸಿನೇ. ಕಲ್ಲಿನ ಮ್ಯಾಗ ಸಿಮೆಂಟ್ ಹಿಡದ್ರ ಆಸಿಡ್ ಹಾಕಿ ತೊಳೀತಾರಲ್ಲ, ದೋಣಿನೂ ಹಂಗೇ ಅಂತ ತಿಳಕೊಂಡಾನ ಶಾಣ್ಯಾ. ನಾ ಮನಿಗಿ ಹೋಗಿ ರೊಟ್ಟಿ ತರೂದ್ರಾಗ ಚೀಲ ಕಿತ್ತೊಗದು ಒಂದು ಕ್ಯಾನ್ ಆಸಿಡ್ ಸುರುವಿ ಬಿಟ್ಟಿದ್ದ. ಕೈಗಿ ಗ್ಲೌಸಿಲ್ಲ, ಕಣ್ಣಿಗಿ ಏನೂ ಇಲ್ಲ. ತಗಡು ಬುಸುಬುಸು ಕುದೀಲಿಕತ್ತಿತ್ತು, ಹೊಗಿ ಎದ್ದಿತ್ತು, ಪಕ್ಕದಾಗ ನಿಂತ ನನ್ನ ಗಂಡ ಕೆಮ್ಮಿ ಕೆಮ್ಮಿ ಕಣ್ಣು ತಿಕ್ಕೊಳಾಕತ್ತಿದ್ದ. ಅವನ್ನ ಗಾಳಿ ಇದ್ದ ಕಡಿ ಎಳಕೊಂಡು ಹೋಗಿ ಕಣ್ಣಿಗಿ ಕೊಡಗಟ್ಟಲೆ ನೀರು ಹಾಕಿದೆ. ಇಬ್ಬರಿಗೂ ಬಾಯಿಗಿ ಬಂದಂಗ ಬೈದೆ. ಇನ್ನೂ ಬೈಬೇಕಿತ್ತು.

ದೋಣಿ ಮ್ಯಾಲ ಒಂದು ಕಲೆ ಉಳದಿದ್ದಿಲ್ಲ, ಖರೇ. ನಮ್ಮ ಅತ್ತಿ ದಂಡಿಗಿ ಬಂದು ನೋಡಿ, ನಾ ನಾಲ್ಕು ದಿನ ಮಾಡೂದು ತನ್ನ ಸಣ್ಣ ಮಗ ಅರ್ಧ ತಾಸಿನ್ಯಾಗ ಮಾಡ್ಯಾನಂತ ಹಿಗ್ಗಿದಳು. ನಾ ನೀರು ಹೊಯ್ದು ಹೊಯ್ದು ತೊಳದು ಜೋಡಣಿ ಮ್ಯಾಲ ಬೆರಳು ಆಡಿಸಿದೆ. ರಿವೆಟ್ಟಿನ ತಲಿ ಅರ್ಧಕ್ಕರ್ಧ ಕರಗಿದ್ವು. ಹೆಬ್ಬಟ್ಟಿಲೆ ಒತ್ತಿದ್ರ ತಗಡು ಒಳಗ ಹೋಗ್ತಿತ್ತು. ಆಸಿಡ್ ಕಲೆ ಅಷ್ಟೇ ತಿಂದಿಲ್ಲ, ದೋಣಿನೂ ತಿಂದದ ಅಂದೆ.

ಮೈದುನ ನಕ್ಕ. ಮ್ಯಾಗೊಂದು ಕೋಟ್ ಡಾಂಬರ್ ಹೊಡದ್ರ ಮುಗೀತು, ವೈನಿ ಸುಮ್ನ ಹೆದರಸ್ತಾಳ ಅಂದ. ನನ್ನ ಗಂಡರೆ ಏನರ ಅಂತಾನೇನು ಅಂತ ನೋಡಿದೆ. ಕೆಂಪು ಕಣ್ಣು ಒರಸ್ಕೋತ, ನಾಳಿಗಿ ಆರು ಮಂದಿಗಿ ಹೇಳಿ ಬಿಟ್ಟೀವಿ, ಒಂದು ದಿನ ನಡೀತದೇನೋ ಅಂತ ಗೊಣಗಿದ. ನನಗ ಮೈದುನನ ಮ್ಯಾಗ ಬಂದ ಸಿಟ್ಟಿಗಿಂತ ಇವನ ಮ್ಯಾಗ ಭಾಳ ಬಂತು. ನಡು ಹೊಳ್ಯಾಗ ಎರಡಾಳು ನೀರಿರ್ತದ, ಆರು ಮಂದ್ಯಾಗ ಒಬ್ಬಾಕಿಗೂ ಈಜು ಬರಂಗಿಲ್ಲ. ಅದು ಇವನಿಗಿ ಚೆಂದಗೆ ಗೊತ್ತು.

ನಾ ಮೈದುನನ ಕೈಯಾಗ ಹುಟ್ಟು ಕೊಟ್ಟೆ.

"ಈಗೇ ಡಾಂಬರ್ ಹೊಡಿ. ಒಣಗಿದಮ್ಯಾಗ ನಿಮ್ಮವ್ವನ್ನ ಕೂಡಿಸ್ಕೊಂಡು ಆಚಿ ದಂಡಿಗಿ ಹೋಗಿ ಬಾ. ಆಮ್ಯಾಗ ನಾ ಆ ಆರು ಮಂದಿನ್ನ ಕೂಡಸ್ತೀನಿ."

ಅತ್ತಿ ಹಿಗ್ಗೂದು ಬಿಟ್ಟು ಮಗನ ಮಾರಿ ನೋಡಿದಳು. ಅವ ಬಗ್ಗಿ ಜೋಡಣಿ ಮ್ಯಾಲ ತನ್ನ ಹೆಬ್ಬಟ್ಟು ಇಟ್ಟ, ಒತ್ತಿದ, ತಗದ.

"ಅವ್ವ ಬ್ಯಾಡ, ವೈನಿ," ಅಂದ.

"ಯಾಕ, ಅವರು ಆರು ಮಂದಿ ಯಾರಿಗೂ ಅವ್ವ ಅಲ್ಲೇನು?"

ನಾ ಸೆರಗು ಸಿಗಿಸ್ಕೊಂಡು ಆರೂ ಮನಿ ಬಾಗಿಲಿಗಿ ಹೋಗಿ, ನಾಳಿ ದೋಣಿ ಇಲ್ಲ, ಸೇತುವಿ ಸುತ್ತಿ ಹೋಗ್ರಿ ಅಂತ ಹೇಳಿ ಬಂದೆ. ಆರೂ ಮಂದಿ ನನಗೇ ಬೈದರು.