ಮೇಷ್ಟ್ರು ಸಾಯದ ಪುಸ್ತಕ

ಮೊನ್ನೆ ಶಿರಾದಿಂದ ಮಧುಗಿರಿಗೆ ಬರುವಾಗ ಪಕ್ಕದ ಸೀಟಿನ ಹುಡುಗಿ ಒಂದು ಕಾದಂಬರಿ ತೆರೆದಳು. ಮುಖಪುಟದ ಬಾವಿಕಟ್ಟೆ ಕಂಡದ್ದೇ ತಡ, ಕೊಡಿಗೇನಹಳ್ಳಿಯ ದೊಡ್ಡಮ್ಮ ನೆನಪಾಗಿ ನಗು ಬಂತು. ಪರಿಚಯವಿಲ್ಲದವರ ಪುಸ್ತಕ ನೋಡಿ ನಗುವುದು ಮರ್ಯಾದೆಯಲ್ಲ. ಕಿಟಕಿಯ ಕಡೆ ತಿರುಗಿಕೊಂಡೆ.

ದೊಡ್ಡಮ್ಮನಿಗೆ ಒಂದು ಹಳೆಯ ಕಾದಂಬರಿಯೆಂದರೆ ಪ್ರಾಣ. ಅದರ ನಾಯಕ ಒಬ್ಬ ಬಡ ಮೇಷ್ಟ್ರು. ಅವಳಿಗೆ ಸ್ವಂತ ಅಳಿಯನಿಗಿಂತ ಹೆಚ್ಚು. ಕೆಲವು ವರ್ಷಗಳ ಹಿಂದೆ ಅವಳ ಕಣ್ಣಿನ ಪೊರೆ ತೆಗೆದ ಡಾಕ್ಟರು, “ಅಳಬಾರದು, ಕಣ್ಣು ಉಜ್ಜಬಾರದು” ಎಂದಿದ್ದರು. ಬೇಸರ ಕಳೆಯಲೆಂದು, ಅದೇ ಕಾದಂಬರಿಗೆ ಈಗಿನವರೊಬ್ಬರು ಬರೆದ ಮುಂದುವರಿಕೆಯನ್ನು ತಂದು ನಾನೇ ಓದಲು ಕೂತೆ. ಅದು ಪತ್ತೇದಾರಿ ಎಂದು ಗಮನಿಸಿರಲಿಲ್ಲ. ನನ್ನ ಸಾಹಿತ್ಯಜ್ಞಾನ ಅಷ್ಟು! ಮೊದಲ ಪುಟದಲ್ಲೇ ಬಾವಿಕಟ್ಟೆಯ ಮೇಲೆ ಮೇಷ್ಟ್ರ ಹೆಣ.

“ಅಯ್ಯೋ, ನಮ್ ಮೇಷ್ಟ್ರು ಹೋಗ್ಬುಟ್ರಾ!”

ದೊಡ್ಡಮ್ಮನ ಕೂಗಿಗೆ ಪಕ್ಕದ ಮನೆಯ ಹೊನ್ನಮ್ಮ ಯಾರೋ ನೆಂಟರು ತೀರಿಕೊಂಡರೆಂದು ತಿಳಿದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಮುದ್ದೆ, ಸಾರು ಹಿಡಿದೇ ಬಂದಳು.

“ಹೆಂಗಾಯ್ತಕ್ಕ?”

“ಯಾರೋ ತಲೆಗೆ ಹೊಡ್ದವ್ರಂತೆ ಕಣಮ್ಮ!”

ಇಬ್ಬರೂ ಅಳಲು ಅಣಿಯಾದರು. ಡಾಕ್ಟರ ಮಾತು ನೆನಪಾಗಿ ನಾನು ಗಾಬರಿಯಿಂದ ಪುಟ ತಿರುವಿ, “ಇರು ದೊಡ್ಡಮ್ಮ, ಇನ್ನೂ ಉಸಿರಾಡ್ತಾವ್ರಂತೆ!” ಎಂದುಬಿಟ್ಟೆ.

ಆಮೇಲಿನ ನನ್ನ ಪಾಡು ಕೇಳಬೇಡಿ. ಮೇಷ್ಟ್ರೇನೋ ಎದ್ದು ಕಾಫಿ ಕುಡಿದರು. ಆದರೆ ಪುಸ್ತಕದ ತುಂಬ ಒಬ್ಬ ಇನ್ಸ್‌ಪೆಕ್ಟರು. ಕೊಲೆಯೇ ಆಗದ ಮನೆಯಲ್ಲಿ ಅವರಿಗೇನು ಕೆಲಸ? ಊಟಕ್ಕೆ ಬಂದಿದ್ದಾರೆ ಎಂದೆ. ದಿನವೂ ಊಟಕ್ಕೇ ಬಂದರು, ಬಡಿಸುವವಳು ಮೇಷ್ಟ್ರ ಮಗಳು. ರಕ್ತದ ಕಲೆ ಎಂದಿದ್ದಲ್ಲಿ ಹುಣಸೆ ಗೊಜ್ಜು ಎಂದು ಓದಿದೆ. “ಪಾಪ, ಇನ್ನೊಂದ್ ಮುದ್ದೆ ಇಕ್ಬಾರ್ದಾ?” ಎಂದು ದೊಡ್ಡಮ್ಮ ಮರುಗುವಳು.

ಕಣ್ಣು ವಾಸಿಯಾಗಿ ಕನ್ನಡಕ ಬಂದ ಮೇಲೆ ಒಂದು ಭಾನುವಾರ ಹೋದೆ. ದೊಡ್ಡಮ್ಮ ಪುಸ್ತಕವನ್ನು ತಾನೇ ಓದಿ ಮುಗಿಸಿ ಕೂತಿದ್ದಳು.

“ಲೇ, ಮೇಷ್ಟ್ರು ಅವತ್ತೇ ಹೋಗ್ಬುಟ್ಟಿದ್ರಲ್ಲೇ.”

“ಹೂಂ ದೊಡ್ಡಮ್ಮ.”

ಅವಳು ಕನ್ನಡಕ ತೆಗೆದಿಟ್ಟಳು. ಪುಸ್ತಕವನ್ನು ನನ್ನ ಕೈಗಿತ್ತಳು.

“ಇದ್ರಾಗೆ ಬರೀ ಸುಳ್ಳೇ ಬರ್ದವ್ನೆ ಬುಡು. ಇನ್ಸ್‌ಪೆಕ್ಟ್ರು ದಿನಾ ಬತ್ತಿದ್ದದ್ದು ಮೇಷ್ಟ್ರ ಮಗಳನ್ನ ನೋಡಾಕೆ ತಾನೇ? ಮದ್ವೆ ಆಯ್ತಾ? ಅದ್ನ ಓದು.”

ಬಸ್ಸು ಮಧುಗಿರಿ ತಲುಪಿತು. ಮನೆಗೆ ಹೋಗಬೇಕಿದ್ದವಳು ಕೊಡಿಗೇನಹಳ್ಳಿ ಬಸ್ಸು ಹತ್ತಿದೆ. ಮೇಷ್ಟ್ರ ಮಗಳಿಗೆ ಎರಡನೆಯದಕ್ಕೆ ದಿನ ತುಂಬಿದೆ, ದೊಡ್ಡಮ್ಮ ಕಾಯುತ್ತಿರುತ್ತಾಳೆ.